ಕರಗುತ್ತದೋ ಇಲ್ಲವೋ, ಕೊಳ್ಳುವ ಮೊದಲು ಕೇಳಿ

ಗೊಬ್ಬರದಂಗಡಿಯಲ್ಲಿ ನಾವು ಕೇಳುವುದು ಎರಡೇ ಪ್ರಶ್ನೆ. ರೇಟೆಷ್ಟು? ಸ್ಟಾಕ್ ಉಂಟಾ? ಮೂರನೆಯದೊಂದನ್ನೂ ಕೇಳಬೇಕೆಂಬುದು ನನ್ನ ವಾದ: ಇದು ನೀರಿನಲ್ಲಿ ಕರಗುತ್ತದೋ, ಇಲ್ಲವೋ? ನಾಲ್ಕು ತಿಂಗಳು ಮಳೆ ಸುರಿಯುವ ನಮ್ಮ ಕರಾವಳಿ, ಮಲೆನಾಡಿನಲ್ಲಿ ಹಾಕಿದ್ದು ಬುಡದಲ್ಲಿ ಉಳಿಯುತ್ತದೋ ತೋಡಿಗೆ ಹೋಗುತ್ತದೋ ಎಂಬುದು ಬಹುಪಾಲು ಇದರ ಮೇಲೆಯೇ ನಿಂತಿದೆ.

ಕರಗದಿರುವುದೂ ಒಂದು ಗುಣ. ಬೋರ್ಡೋವನ್ನೇ ನೋಡಿ. ಮೈಲುತುತ್ತು ಲೀಟರಿಗೆ 300 ಗ್ರಾಂ ಹಾಕಿದರೂ ಕರಗುತ್ತದೆ. ಅದನ್ನು ಹಾಗೆಯೇ ಹೊಡೆದರೆ ಎಳೆಕಾಯಿ ಸುಡುತ್ತದೆ, ಉಳಿದದ್ದು ಮೊದಲ ಮಳೆಗೇ ತೊಳೆದು ಹೋಗುತ್ತದೆ. ಸುಣ್ಣದ ಹಾಲು ಸೇರಿದಾಗ ತಾಮ್ರ ಕರಗದ ರೂಪಕ್ಕೆ ಬಂದು ನೀಲಿ ಕೆನೆಯಾಗುತ್ತದೆ. ಕಾಯಿಯ ಮೇಲೆ ಒಣಗಿ ಕೂತರೆ ಮತ್ತೆ ಮಳೆಗೆ ಸುಲಭಕ್ಕೆ ಜಗ್ಗುವುದಿಲ್ಲ. ಚೂರುಚೂರೇ ತಾಮ್ರ ಬಿಡುತ್ತಾ ಕೊಳೆರೋಗವನ್ನು ತಡೆಯುತ್ತದೆ. ಫ್ರಾನ್ಸಿನ ದ್ರಾಕ್ಷಿ ತೋಟದವರಿಗೆ 1885ರಲ್ಲಿ ಮಿಲಾರ್ಡೆ ಹೇಳಿಕೊಟ್ಟ ಈ ಮದ್ದನ್ನು, 1910ರ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿದ್ದ ಕೋಲ್ಮನ್ ಅಡಿಕೆಯ ಕೊಳೆಗೆ ಬಳಸಿದರು. ಕತ್ತಿ ಅದ್ದಿ ನೋಡುವ ನಮ್ಮ ಪರೀಕ್ಷೆಯ ಮರ್ಮವೂ ಇದೇ. ಕೆಂಪು ಕೂತರೆ ಕರಗಿದ ತಾಮ್ರ ಇನ್ನೂ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ಗಾಳಿಗೆ ಬಿದ್ದು ಹಳತಾದ ಸುಣ್ಣ ಕಾರ್ಬೊನೇಟ್ ಆಗಿ ಸತ್ತಿರುತ್ತದೆ. ಅಗ್ಗವೆಂದು ಅದನ್ನು ತಂದರೆ ಮದ್ದೂ ದಂಡ, ಮರ ಹತ್ತಿದವರ ಮಜೂರಿಯೂ ದಂಡ. (ಮರ ಹತ್ತುವವರು ಸಿಗುವುದೇ ಕಷ್ಟ, ಅದು ಬೇರೆ ಮಾತು.)

ಗೊಬ್ಬರಕ್ಕೆ ಬರೋಣ. ನೈಟ್ರೇಟ್ ಯಾವುದಿದ್ದರೂ ಕರಗುತ್ತದೆ. ಯೂರಿಯಾ, ಪೊಟ್ಯಾಷ್ ಎರಡೂ ಸಕ್ಕರೆಯ ಹಾಗೆ. ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸು ನಮಗೆಲ್ಲ ಬಾಯಿಪಾಠ. ಕಂತು ಮಾಡಿ ಕೊಡಿ ಎನ್ನುವುದು ಮಾತ್ರ ಮರೆತು ಹೋಗುತ್ತದೆ. ಜಡಿಮಳೆಯಲ್ಲಿ ಯೂರಿಯಾ ಹಾಕುವುದೆಂದರೆ ತೋಡಿಗೆ ದುಡ್ಡು ಬಿಟ್ಟ ಹಾಗೆ.

ಶಿಲಾರಂಜಕ ಕರಗುವುದಿಲ್ಲ. ಅದನ್ನೇ ಆಸಿಡ್‌ನಲ್ಲಿ ಹದ ಮಾಡಿ ಕರಗುವಂತೆ ಮಾಡಿದ್ದು ಸೂಪರ್ ಫಾಸ್ಫೇಟ್. ನಮ್ಮ ಹುಳಿಮಣ್ಣು ಆ ಕೆಲಸವನ್ನು ನಿಧಾನಕ್ಕೆ ಬಿಟ್ಟಿಯಾಗಿಯೇ ಮಾಡಿಕೊಡುತ್ತದೆ. ಸೂಪರ್‌ನಲ್ಲಿ ಕರಗಿದ ರಂಜಕವನ್ನಾದರೋ ಮುರಕಲ್ಲು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಬೇಗ ಹಿಡಿದುಕೊಳ್ಳುತ್ತವೆ. ಮೂರು ತಿಂಗಳ ತರಕಾರಿಗೆ ಸೂಪರ್ ಸರಿ. ಹತ್ತಾರು ವರ್ಷ ಬಾಳುವ ಅಡಿಕೆಗೆ ಶಿಲಾರಂಜಕ ಧಾರಾಳ ಸಾಕು ಎಂಬುದು ನನ್ನ ಅಭಿಪ್ರಾಯ. ಮಣ್ಣು ಹುಳಿ ಇಲ್ಲದ ಬಯಲುಸೀಮೆಯವರು ಇದನ್ನು ನಂಬಿ ಹಾಕಬೇಡಿ, ಅಲ್ಲಿ ಅದು ಕಲ್ಲಾಗಿಯೇ ಕೂತಿರುತ್ತದೆ.

'ಪೂರ್ತಿ ಕರಗುವ' 19:19:19ನಂಥವು ಡ್ರಿಪ್‌ಗೆಂದೇ ಬಂದವು. ಅಷ್ಟು ಬೆಲೆ ಕೊಟ್ಟು ಮಳೆಗಾಲದ ಮೊದಲು ಬುಡಕ್ಕೆ ಎರಚುವುದರಲ್ಲಿ ಅರ್ಥವಿಲ್ಲ. ಚೀಲದ ಮೇಲೆ ಕರಗುವ ಪಾಲೆಷ್ಟು, ಕರಗದ ಪಾಲೆಷ್ಟು ಎಂದು ದೊಡ್ಡ ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಲಿ. ನಾವು ಒಟ್ಟಾಗಿ ಕೇಳಬೇಕಾದದ್ದು ಇದನ್ನು.

ಇನ್ನೊಂದು. ಒಂಟಿಯಾಗಿ ಕರಗುವ ಎರಡು ಜಂಟಿಯಾದಾಗ ಕರಗದೆ ಹೋಗುವುದೂ ಉಂಟು. ಕ್ಯಾಲ್ಸಿಯಂ ನೈಟ್ರೇಟಿಗೆ ಮೋನೋ ಅಮೋನಿಯಂ ಫಾಸ್ಫೇಟ್ ಬೆರೆಸಿದರೆ ಟ್ಯಾಂಕಿನಲ್ಲಿ ಬಿಳಿ ಗಸಿ ಕಟ್ಟಿ ಡ್ರಿಪ್ಪರ್ ಮುಚ್ಚಿಕೊಳ್ಳುತ್ತದೆ. ಮೊದಲು ಟ್ಯಾಂಕಿನ ಅಳತೆಯಲ್ಲೇ ಬಾಟ್ಲಿಯಲ್ಲಿ ಬೆರೆಸಿ ಅರ್ಧ ಗಂಟೆ ಇಟ್ಟು ನೋಡಿ. ಹಾಲಿನಂತಾದರೆ ಬೇರೆ ಬೇರೆ ದಿನ ಬಿಡಿ.