ಸರಾಸರಿಗೆ ಕೇಳಿಸದ ದನಿ

ಮಾತನ್ನು ಆಲಿಸಿ ಬರಹಕ್ಕಿಳಿಸುವ ತಂತ್ರಾಂಶಗಳು ಈಗ ಅಚ್ಚರಿಯ ಸಂಗತಿಯಲ್ಲ. ಜನರು ತಮ್ಮ ನುಡಿಯಲ್ಲೇ ಮಾತನಾಡಿ ಡಿಜಿಟಲ್ ಸೇವೆ ಪಡೆಯುವಂತಾಗಬೇಕೆಂಬುದು ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ‘ಭಾಷಿಣಿ’ಯ ಆಶಯಗಳಲ್ಲೊಂದು. ಆಶಯ ಸ್ವಾಗತಾರ್ಹ. ಆದರೆ ಇವುಗಳ ಗುಣಮಟ್ಟವನ್ನು ಅಳೆಯುವ ಕ್ರಮ ಎಂಥದು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ.

ಪ್ರಚಲಿತ ಮಾನದಂಡ ಪದದೋಷದ ಪ್ರಮಾಣ. ತಪ್ಪಾಗಿ ದಾಖಲಾದ, ಬಿಟ್ಟುಹೋದ ಹಾಗೂ ಇಲ್ಲದೆಯೂ ಸೇರಿಕೊಂಡ ಪದಗಳನ್ನು ಕೂಡಿಸಿ, ಆಡಿದ ಒಟ್ಟು ಪದಗಳಿಂದ ಭಾಗಿಸಿದರೆ ಅದು ಸಿಗುತ್ತದೆ. ಲೆಕ್ಕ ಸರಳ, ಆದರೆ ಅದಕ್ಕೆ ಎಲ್ಲ ತಪ್ಪುಗಳೂ ಸಮಾನ. ವೃದ್ಧೆಯೊಬ್ಬರು ‘ಮೂರು ತಿಂಗಳಿಂದ ಪಿಂಚಣಿ ಬಂದಿಲ್ಲ’ ಎಂದಾಗ ಯಂತ್ರವು ‘ಬಂದಿದೆ’ ಎಂದು ಬರೆದರೂ ಒಂದು ತಪ್ಪು, ‘ತಿಂಗಳಿಂದ’ ಎಂಬುದನ್ನು ‘ತಿಂಗಳಿನಿಂದ’ ಎಂದು ಬರೆದರೂ ಒಂದು ತಪ್ಪು. ಎರಡರಲ್ಲೂ ದೋಷ ಶೇ 25. ಮೊದಲನೆಯದರಲ್ಲಿ ದೂರೇ ಅಳಿಸಿಹೋಗುತ್ತದೆ. ಎರಡನೆಯದರಲ್ಲಿ ಅರ್ಥಕ್ಕೆ ಕುಂದಿಲ್ಲ. ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ಕನ್ನಡಕ್ಕೆ ಅಕ್ಷರಮಟ್ಟದ ಲೆಕ್ಕವೂ ಬೇಕು, ಅರ್ಥ ಉಳಿಯಿತೇ ಎಂಬ ಪರಿಶೀಲನೆಯೂ ಬೇಕು.

ಎರಡನೆಯ ತೊಡಕು ಸರಾಸರಿಯದು. ತಲಾ ಆದಾಯ ಏರಿದಾಕ್ಷಣ ಬಡವನ ಆದಾಯ ಏರಿತೆಂದು ಅರ್ಥಶಾಸ್ತ್ರ ಬಲ್ಲವರು ಹೇಳುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆಜಾನ್, ಆಪಲ್, ಗೂಗಲ್, ಐಬಿಎಂ, ಮೈಕ್ರೋಸಾಫ್ಟ್ ತಂತ್ರಾಂಶಗಳ ಸರಾಸರಿ ಪದದೋಷ ಬಿಳಿಯರ ಮಾತಿನಲ್ಲಿ ಶೇ 19, ಕಪ್ಪು ವರ್ಣೀಯರ ಮಾತಿನಲ್ಲಿ ಶೇ 35 ಇತ್ತು. ಎಲ್ಲರನ್ನೂ ಒಂದೇ ಅಂಕಿಯಲ್ಲಿ ಹಿಡಿದಿದ್ದರೆ ಈ ಅಂತರ ಕಾಣುತ್ತಲೇ ಇರಲಿಲ್ಲ.

ಕರ್ನಾಟಕಕ್ಕೂ ಈ ಪಾಠ ಅನ್ವಯಿಸುತ್ತದೆ. ವಾರ್ತಾವಾಚಕರ ಶಿಷ್ಟ ಕನ್ನಡದಲ್ಲಿ ಗೆದ್ದ ತಂತ್ರಾಂಶ ಕಲಬುರಗಿಯ ಕೃಷಿ ಕಾರ್ಮಿಕನ, ಚಾಮರಾಜನಗರದ ಅಜ್ಜಿಯ ಮಾತಿಗೂ ಕಿವಿಗೊಟ್ಟೀತೆಂಬ ಖಾತರಿಯಿಲ್ಲ. ಆದ್ದರಿಂದ ಸರ್ಕಾರಿ ಇಲಾಖೆಗಳು ಇಂಥ ತಂತ್ರಾಂಶ ಕೊಳ್ಳುವಾಗ ಪ್ರದೇಶ, ಲಿಂಗ, ವಯಸ್ಸುವಾರು ಫಲಿತಾಂಶವನ್ನು ಟೆಂಡರಿನ ಷರತ್ತಾಗಿಸಬೇಕು. ಪರೀಕ್ಷೆ ನಿಶ್ಶಬ್ದ ಕೊಠಡಿಯಲ್ಲಲ್ಲ, ಸಂತೆಯ ಗದ್ದಲದ ನಡುವಿನ ಫೋನ್ ಕರೆಗಳಲ್ಲಿ ನಡೆಯಬೇಕು. ಪರೀಕ್ಷೆಗೆ ಬಳಸುವ ಧ್ವನಿಮುದ್ರಣಗಳು ತಯಾರಕರ ಕೈಗೆ ಮೊದಲೇ ಸಿಗಬಾರದು. ಮೌಲ್ಯಮಾಪನ ಸ್ವತಂತ್ರ ಸಂಸ್ಥೆಯದಾಗಿರಬೇಕು.

ನಾನು ಸೇವೆಯಲ್ಲಿದ್ದಾಗ ಅರ್ಜಿದಾರರ ಮಾತು ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳುವ ಅವಕಾಶವಿತ್ತು. ಯಂತ್ರ ತಪ್ಪಾಗಿ ಕೇಳಿಸಿಕೊಂಡೂ ಅಳುಕಿಲ್ಲದೆ ಬರೆದುಬಿಡಬಲ್ಲದು. ಬರೆದುದನ್ನು ಓದಿಹೇಳಿ ಒಪ್ಪಿಗೆ ಪಡೆಯುವ, ಅಗತ್ಯವಿದ್ದಲ್ಲಿ ಸಿಬ್ಬಂದಿಗೆ ಕರೆ ವರ್ಗಾಯಿಸುವ ವ್ಯವಸ್ಥೆ ಕಡ್ಡಾಯವಾಗಲಿ. ಇಲ್ಲವಾದರೆ ಯಾರಿಗಾಗಿ ಈ ಸೌಲಭ್ಯ ತಂದೆವೋ ಅವರ ದನಿಯೇ ಕಡತ ಸೇರದೆ ಹೋದೀತು.