ಕೋಟೆಯ ಮಣ್ಣು ಕೊಟ್ಟ ಕಪ್ಪು

ಮಕ್ಕಳೇ, ಕಪ್ಪು ಹೂದಾನಿಯ ಮೇಲೆ ಬೆಳ್ಳಿಯ ಬಳ್ಳಿ ಹೊಳೆಯುವುದನ್ನು ನೋಡಿದ್ದೀರಾ? ಅದೇ ಬಿದ್ರಿ. ಊರಿನ ಹೆಸರೇ ಕಲೆಯ ಹೆಸರು. ಬಹಮನಿ ಸುಲ್ತಾನರ ಕಾಲದಿಂದ ಬೀದರಿನ ಮನೆಗಳಲ್ಲಿ ಅಪ್ಪನಿಂದ ಮಗನಿಗೆ ಇಳಿದು ಬಂದ ವಿದ್ಯೆ ಇದು.

ಮೊದಲು ಹೆಚ್ಚು ಸತು, ಸ್ವಲ್ಪ ತಾಮ್ರ ಸೇರಿಸಿ ಕರಗಿಸಿ, ಮರಳಿನ ಅಚ್ಚಿಗೆ ಹೊಯ್ಯುತ್ತಾರೆ. ಆರಿದ ಮೇಲೆ ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರುತ್ತಾರೆ. ಆಗ ಮೈ ತಾತ್ಕಾಲಿಕವಾಗಿ ಕಪ್ಪಾಗಿ, ಅದರ ಮೇಲೆ ಗೀಚಿದ ಚಿತ್ರ ಸ್ಪಷ್ಟವಾಗಿ ಕಾಣುತ್ತದೆ. ಉಳಿಯಿಂದ ಆ ಗೆರೆಗಳನ್ನು ಕೊರೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ತಂತಿಯ ಕೆಲಸಕ್ಕೆ ತಾರ್‌ಕಶಿ ಎಂದು ಹೆಸರು. ಮತ್ತೆ ಉಜ್ಜಿದಾಗ ಎಲ್ಲವೂ ಬೆಳ್ಳಗೆ. ಬೆಳ್ಳಿ ಯಾವುದು, ಸತು ಯಾವುದು ಗೊತ್ತೇ ಆಗುವುದಿಲ್ಲ!

ಈಗ ಬರುತ್ತದೆ ಕೋಟೆಯ ಮಣ್ಣು. ಬೀದರ್ ಕೋಟೆಯಲ್ಲಿ ಮಳೆ, ಬಿಸಿಲು ತಾಗದ ಹಳೆಯ ಜಾಗದ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಬಳಿಯುತ್ತಾರೆ. ಸತುವಿನ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದೆ. ಮಣ್ಣು ಸರಿಯಿದೆಯೇ ಎಂದು ಹಿರಿಯ ಕುಶಲಕರ್ಮಿಗಳು ನಾಲಿಗೆಗೆ ಇಟ್ಟು ನೋಡುತ್ತಾರೆ. (ನೀವು ಮಣ್ಣು ತಿನ್ನಬೇಡಿ!)

ಬ್ಯಾಂಕಿನ ಕೆಲಸದ ಮೇಲೆ ನಾನು ಮೂರು ವರ್ಷ ಬೀದರಿನಲ್ಲಿದ್ದೆ. ಒಮ್ಮೆ ಒಬ್ಬ ಬಿದ್ರಿ ಕೆಲಸಗಾರರು ಬೆಳ್ಳಿ ಕೊಳ್ಳಲು ಸಾಲ ಕೇಳಿ ಬಂದರು. ಜಾಮೀನು ಏನಿದೆ ಎಂದು ಕೇಳಿದೆ. ಎರಡೂ ಅಂಗೈ ಮೇಜಿನ ಮೇಲಿಟ್ಟು, "ಇವೇ ಅವ ನೋಡ್ರಿ ಸಾಹೇಬ್ರ, ಬರ್ಕೋರಿ" ಎಂದರು. ಬೆರಳ ತುದಿಗಳೆಲ್ಲ ಕಪ್ಪು. ನಮ್ಮ ಅರ್ಜಿಯಲ್ಲಿ ಕೈಗಳನ್ನು ಬರೆಯುವ ಕಾಲಮ್ಮೇ ಇರಲಿಲ್ಲ. ಕೊನೆಗೆ ಅವರ ಓಣಿಯ ಮೇಷ್ಟ್ರೊಬ್ಬರು ಜಾಮೀನು ನಿಂತರು. ನಾನು ಅಲ್ಲಿದ್ದಷ್ಟು ದಿನ ಒಂದು ಕಂತೂ ತಪ್ಪಲಿಲ್ಲ.

ಕಷ್ಟ ಇರುವುದು ಈ ಲೆಕ್ಕದಲ್ಲೇ. ಬೆಳ್ಳಿಗೆ ಹಣ ಇಂದೇ ಕೊಡಬೇಕು. ಹೂದಾನಿ ಮಾರಾಟವಾಗುವುದು ಯಾವಾಗಲೋ. ಬಡ್ಡಿ ಅಲ್ಲಿಯವರೆಗೆ ಕಾಯುವುದಿಲ್ಲ. ಹೀಗಿರುವಾಗ ಮಗ ಬೇರೆ ಕೆಲಸ ಹಿಡಿದರೆ ತಪ್ಪೆನ್ನಲಾದೀತೇ? ಆದರೆ ಮಣ್ಣಿನ ರುಚಿ ಬಲ್ಲ ನಾಲಿಗೆ ಪುಸ್ತಕ ಓದಿ ಬರುವುದಿಲ್ಲ, ಅಪ್ಪನ ಪಕ್ಕ ಕುಳಿತೇ ಬರಬೇಕು.

ಗೌರವವೇನೋ ಬಂದಿದೆ. 2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಅವರೂ ತಂದೆಯಿಂದಲೇ ಕಲಿತವರು. ಗೌರವದ ಜೊತೆಗೆ ಗಿರಾಕಿಯೂ ಬರಬೇಕು.

ಅಜ್ಜಿಯರಿಗೆ ಒಂದು ಮಾತು: ಮನೆಯಲ್ಲಿ ಬಿದ್ರಿ ಇದ್ದರೆ ಹಿತ್ತಾಳೆ ಚೊಂಬಿನಂತೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಕಪ್ಪು ಹೋದೀತು. ಮೆತ್ತನೆಯ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು. ಮೊಮ್ಮಕ್ಕಳಿಗೆ ಇನ್ನೊಂದು: ಅಂಗಡಿಯಲ್ಲಿ ಬಿದ್ರಿ ಕಂಡರೆ ಬೆಲೆ ಕೇಳುವ ಮೊದಲು, "ಇದನ್ನು ಮಾಡಿದವರು ಯಾರು?" ಎಂದು ಕೇಳಿ.