ಹಗುರ ಕೋವಿಯ ಭಾರ

ಹೊರಲು ಹಗುರವಾದ ಸಾಧನವು ಬಳಸಲೂ ಹಗುರವಾಗಿರುವುದೆಂಬ ನಂಬಿಕೆ ಬಹು ಸಾಮಾನ್ಯವಾದುದು. ಈ ನಂಬಿಕೆಯನ್ನು ಒರೆಗೆ ಹಚ್ಚಲು, ಯೂರೋಪ್ ಮತ್ತು ಅಮೆರಿಕಗಳ ವನವಿಹಾರಿಗಳು ಮೆಚ್ಚುವ ಮಡಿಚುವ ಒಂಟಿ ನಳಿಕೆಯ ಕೋವಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈ ಕೋವಿಯ ರಚನೆ ಸರಳವಾದುದು. ತೋಟಾ ತುಂಬಲು ನಳಿಕೆಯನ್ನು ಬಾಗಿಸುವ ಸಾಮಾನ್ಯ ಕೋವಿಗಳಲ್ಲಿ ನಳಿಕೆಯು ಸ್ವಲ್ಪವೇ ಕೆಳಕ್ಕೆ ಬೀಳುತ್ತದೆ. ಇದರಲ್ಲಾದರೋ ಅದು ತಿರುಗಣಿಯ ಸುತ್ತ ಪೂರ್ತಿಯಾಗಿ ತಿರುಗಿ, ಹಿಡಿಯ ಮರದ ಅಡಿಗೆ ಒರಗಿ ನಿಲ್ಲುತ್ತದೆ. ಉದ್ದವು ಬಹಳ ಮಟ್ಟಿಗೆ ತಗ್ಗಿ ಚೀಲದೊಳಗೆ ಅಡಗುತ್ತದೆ. ಕೋವಿಯ ಕಮ್ಮಟಗಳಿಗೆ ಹೆಸರಾದ ಇಟಲಿಯ ವಾಲ್ ಟ್ರೊಂಪಿಯಾ ಕಣಿವೆಯಲ್ಲಿ ಇಂತಹವು ತಯಾರಾಗಿವೆ. ಅಮೆರಿಕದ ವಾಯುಸೇನೆಯು 1950ರ ದಶಕದಲ್ಲಿ ವಿಮಾನಚಾಲಕರ ಆಪತ್ಕಾಲಕ್ಕೆಂದು ಒದಗಿಸಿದ ಎಂ-6 ಆಯುಧವು ಎರಡು ನಳಿಕೆಗಳದ್ದಾದರೂ ಇದೇ ತತ್ತ್ವದಂತೆ ಮಡಿಚಿಕೊಳ್ಳುತ್ತಿತ್ತು.

ಈ ಕೋವಿಯ ಗುಣಗಳನ್ನು ನಾವು ಅಲ್ಲಗಳೆಯುವುದಿಲ್ಲ. ಮಡಿಚಿದಾಗ ನಳಿಕೆಯ ಹಿಂಬಾಯಿ ತೆರೆದಿರುವುದರಿಂದ ಅದು ಸಿಡಿಯಲಾರದು. ಒಳಗೆ ತೋಟಾ ಇಲ್ಲವೆಂಬುದು ಕಣ್ಣಿಗೆ ಕಾಣುತ್ತದೆ. ಒಂದೇ ಈಡಿಗೆ ಅವಕಾಶವಿರುವುದರಿಂದ ಗುರಿಯಲ್ಲಿ ತಾಳ್ಮೆ ಬೆಳೆಯುತ್ತದೆ. ನಮ್ಮ ಆಕ್ಷೇಪವಿರುವುದು, ಹಗುರವೆಂಬ ಒಂದೇ ಕಾರಣಕ್ಕೆ ಇದನ್ನು ಎಳೆಯರಿಗೂ ಹೊಸಬರಿಗೂ ತಕ್ಕುದೆಂದು ಕೈಗಿಡುವ ಪದ್ಧತಿಗೆ.

ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ ನೋಡಬಹುದು. ಹನ್ನೆರಡು ಬೋರಿನ ತೋಟಾವೊಂದರಿಂದ 32 ಗ್ರಾಂ ಸೀಸದ ಚರೆಯು ಸೆಕೆಂಡಿಗೆ 370 ಮೀಟರ್ ವೇಗದಲ್ಲಿ ಹೊರಡುವುದೆಂದು ಇಟ್ಟುಕೊಳ್ಳೋಣ. ಚರೆಯು ಮುಂದಕ್ಕೆ ಪಡೆದಷ್ಟೇ ಸಂವೇಗವನ್ನು ಕೋವಿಯು ಹಿಂದಕ್ಕೆ ಪಡೆಯಲೇಬೇಕು. ಕೋವಿಯು 3.2 ಕಿಲೋಗ್ರಾಂ, ಎಂದರೆ ಚರೆಯ ನೂರು ಪಟ್ಟು ತೂಗಿದರೆ, ಅದರ ಹಿನ್ನೊದೆತದ ವೇಗ ಸೆಕೆಂಡಿಗೆ 3.7 ಮೀಟರ್; ಚಲನಶಕ್ತಿ ಸುಮಾರು 22 ಜೌಲ್. ತೂಕವನ್ನು 1.6 ಕಿಲೋಗ್ರಾಂಗೆ ಇಳಿಸಿದರೆ ವೇಗ ಇಮ್ಮಡಿಸಿ 7.4 ಮೀಟರ್ ಆಗುತ್ತದೆ. ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ ತೂಕ ಅರ್ಧವಾದರೂ ಶಕ್ತಿ ಇಮ್ಮಡಿಸಿ ಸುಮಾರು 44 ಜೌಲ್ ಆಗುತ್ತದೆ. ಮದ್ದಿನ ಅನಿಲವನ್ನೂ ಲೆಕ್ಕಕ್ಕೆ ಸೇರಿಸಿದರೆ ಪೆಟ್ಟು ಇನ್ನೂ ಹೆಚ್ಚು. ದಾರಿಯಲ್ಲಿ ಹೆಗಲು ಉಳಿಸಿಕೊಂಡ ಭಾರವನ್ನು ಈಡಿನ ಕ್ಷಣದಲ್ಲಿ ಅದೇ ಹೆಗಲು ತೆರಬೇಕಾಗುತ್ತದೆ.

ಇಂತಹ ಪೆಟ್ಟನ್ನು ನಾಲ್ಕು ಸಲ ಉಂಡ ಎಳೆಯನು ಐದನೆಯ ಸಲ ಈಡಿಗೆ ಮೊದಲೇ ಕಣ್ಣು ಮುಚ್ಚಿ ಬೆಚ್ಚುತ್ತಾನೆ. ಬೆಚ್ಚಿದವನ ಕೈಯಲ್ಲಿ ನಳಿಕೆ ಎತ್ತ ತಿರುಗುವುದೆಂದು ಹೇಳಲಾಗದು. ಅಪಾಯವಿರುವುದು ಇಲ್ಲಿಯೇ.

ಹಾಗಾದರೆ ಸಣ್ಣ ನಳಿಕೆಯ, .410 ಅಂಗುಲದ ಕೋವಿಯಾಗಬಹುದಲ್ಲವೆ? 14 ಗ್ರಾಂ ಚರೆ ಅದೇ ವೇಗದಲ್ಲಿ ಹೊರಟರೆ, 1.6 ಕಿಲೋಗ್ರಾಂ ಕೋವಿಯ ಒದೆತ ಎಂಟು ಜೌಲ್‌ಗಳಷ್ಟೇ, ನಿಜ. ಆದರೆ ಚರೆಗಳ ಸಂಖ್ಯೆಯೂ ಅರ್ಧಕ್ಕಿಂತ ಕಡಿಮೆಯಾಗಿ, ಗುರಿ ತಪ್ಪುವುದು ಸುಲಭವಾಗುತ್ತದೆ. ಅದು ನುರಿತವನಿಗೆ ತಕ್ಕ ಸಾಧನ. ಹೊಸಬನಿಗೆ ಬೇಕಾದುದು ತೂಕದ ಕೋವಿ ಮತ್ತು ಹಗುರ ತೋಟಾ. ಒಲಿಂಪಿಕ್ಸಿನಲ್ಲಿ ಹಾರುವ ಮಣ್ಣಿನ ಬಿಲ್ಲೆಗಳನ್ನು ಹೊಡೆಯುವವರು ಬಳಸುವುದು 24 ಗ್ರಾಂ ಚರೆಯ ತೋಟಾಗಳನ್ನೇ. ಅದೇ ವೇಗದಲ್ಲಿ, 3.2 ಕಿಲೋಗ್ರಾಂ ಕೋವಿಯಲ್ಲಿ, ಅದರ ಒದೆತ ಸುಮಾರು 12 ಜೌಲ್.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ನಮ್ಮಲ್ಲಿ ವಿನೋದದ ಬೇಟೆಗೆ ಅವಕಾಶವಿಲ್ಲ. ಆದರೂ ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವವರ ಹೆಗಲಿಗೂ ನಿಯಮ ಇದೇ.

ಆದುದರಿಂದ, ಕೋವಿಯನ್ನು ಮಾರುವವರು ಅದರ ತೂಕದ ಪಕ್ಕದಲ್ಲಿಯೇ, ಇಂತಿಷ್ಟು ಚರೆಗೆ ಇಷ್ಟು ಒದೆತವೆಂದು ನಮೂದಿಸತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಬೇಕಾದ ಗಣಿತವು ಪ್ರೌಢಶಾಲೆಯ ಪಾಠವನ್ನು ಮೀರಿದುದಲ್ಲ. ಕೊಳ್ಳುವವನು ಎರಡು ಅಂಕಿಗಳನ್ನೂ ನೋಡಿ ಆರಿಸಿಕೊಳ್ಳಲಿ.